ಹನ್ನೊಂದಕ್ಕೆ ಬಿಚ್ಚುವ ಕೈ

ಕಲಬುರಗಿ
6 ಜನವರಿ 2025

ಶ್ರೀಮತಿ ರೋಷನಬಿ ಚಾಂದಪಾಶಾ ಅವರಿಗೆ, ಕಮಲಾಪುರ.

ನಮಸ್ಕಾರಗಳು. ಕಳೆದ ತಿಂಗಳು ನಮ್ಮ ಸಮೀಕ್ಷಕಿ ಮಲ್ಲಿಕಾ ಅವರು ನಿಮ್ಮ ಮನೆಗೆ ಬಂದು ಕುಟುಂಬದ ದುಡಿಮೆಯ ಬಗ್ಗೆ ಮಾಹಿತಿ ಬರೆದುಕೊಂಡು ಬಂದಿದ್ದಾರೆ. ಆ ನಮೂನೆಗಳು ಜಗತ್ ಸರ್ಕಲ್ ಹತ್ತಿರದ ನಮ್ಮ ಕಚೇರಿಗೆ ಬರುತ್ತವೆ. ಒಂದೊಂದನ್ನೂ ಓದಿ, ತಪ್ಪಿದ್ದರೆ ಸರಿಪಡಿಸುವುದು ನನ್ನ ಕೆಲಸ.

ನಿಮ್ಮ ನಮೂನೆಯಲ್ಲಿ ಎರಡು ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲ. ಹದಿನಾಲ್ಕನೆಯ ಪ್ರಶ್ನೆ, "ಕೆಲಸ ಮಾಡಲು ಅಡ್ಡಿಯಾಗುವ ದೈಹಿಕ ಅಥವಾ ಮಾನಸಿಕ ತೊಂದರೆ ಮನೆಯಲ್ಲಿ ಯಾರಿಗಾದರೂ ಇದೆಯೇ?" ಎಂಬುದಕ್ಕೆ ನೀವು "ಇಲ್ಲ" ಎಂದಿದ್ದೀರಿ. ಆದರೆ ಹೊಲಿಗೆ ಕೆಲಸ ಬೆಳಗಿನ ಹೊತ್ತು ಯಾಕೆ ಇಲ್ಲ ಎಂದು ಕೇಳಿದ ಕಡೆ ಮಲ್ಲಿಕಾ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದಾರೆ: "ಹನ್ನೊಂದಕ್ಕ ಕೈ ಬಿಚ್ಚತಾವಂತ." ಕಾರಣಗಳಿಗೆ ನಮ್ಮಲ್ಲಿ ಒಂದು ಪಟ್ಟಿ ಇದೆ. ಈ ಕಾರಣ ಆ ಪಟ್ಟಿಯಲ್ಲಿ ಇಲ್ಲ.

ಇದರ ಅರ್ಥವೇನೆಂದು ದಯವಿಟ್ಟು ತಿಳಿಸಿ. ಫೋನ್ ಮಾಡುವುದಕ್ಕಿಂತ ಬರೆದು ಕಳಿಸಿದರೆ ದಾಖಲೆಗೆ ಅನುಕೂಲ. ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ.

ಇಂತಿ,
ವಿವೇಕಾನಂದ
ಪರಿಶೀಲನಾ ವಿಭಾಗ


ಕಮಲಾಪುರ
17 ಜನವರಿ 2025

ವಿವೇಕಾನಂದ ಸಾಹೇಬ್ರಿಗೆ ರೋಷನಬಿ ಸಲಾಂ.

ನಿಮ್ಮ ಕಾಗದ ಬಂತು. ಇಲ್ಲ ಅಂದೀನಿ, ಇಲ್ಲನ ಬರೀರಿ. ನಿಮ್ಮ ಹುಡುಗಿ ಏನ್ ಕೇಳಿದಳು? ಕೆಲಸಕ್ಕ ಅಡ್ಡಿ ಅದ ಏನ್ರೀ ಅಂತ ಕೇಳಿದಳು. ನನ್ನ ಕೆಲಸ ನಿಂತಿಲ್ಲಲ್ರೀ? ಹೋದ ವರ್ಷ ಹಾಸ್ಟೆಲ್ ಹುಡುಗೀರ ಯೂನಿಫಾರಂ ಇಡೀ ಹಾಸ್ಟೆಲ್‌ದು ನಾನೇ ಹೊಲದೀನಿ. ಒಂದು ಅಂಗೀನೂ ವಾಪಸ್ ಬಂದಿಲ್ಲ. ಸುಮ್ನ ಕುಂತಾಕಿಗೆ ಅಡ್ಡಿ ಅನ್ನಬೇಕು. ನಾ ಕುಂತಿಲ್ಲ.

ಹನ್ನೊಂದರ ಮಾತು ಚಾ ಕುಡೀತಾ ಅಂದಿದ್ದು. ಥಂಡಿ ದಿನದಾಗ ಯಾರ ಕೈ ಸೆಟಿಯಂಗಿಲ್ಲ ಹೇಳ್ರಿ. ಅದನ್ನೂ ಬರಕೊಂಡು ಹೋಗ್ಯಾಳಂದ್ರ ಹುಡುಗಿ ಭಾಳ ಹುಷಾರ ಇದ್ದಾಳ. ಆಕಿಗೆ ಬೈಬ್ಯಾಡ್ರಿ.

ರೋಷನಬಿ


ಕಲಬುರಗಿ
28 ಜನವರಿ 2025

ರೋಷನಬಿಯವರಿಗೆ,

ಪತ್ರ ತಲುಪಿತು, ವಂದನೆಗಳು. ಎರಡು ಮಾತು ಬರೆಯಲೇಬೇಕಾಗಿದೆ.

ನಿಮ್ಮ ಪತ್ರದಲ್ಲಿ ಎರಡು ಕೈಬರಹ ಕಾಣುತ್ತಿವೆ. ಮೊದಲ ನಾಲ್ಕು ಸಾಲು ದೊಡ್ಡ, ಸೊಟ್ಟ ಅಕ್ಷರ. ಉಳಿದದ್ದು ದುಂಡಗೆ, ಅಚ್ಚುಕಟ್ಟು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದ ಉತ್ತರವನ್ನು ನಾವು ಬೇರೆ ಗುರುತು ಹಾಕಿ ಇಡಬೇಕಾಗುತ್ತದೆ. ಬೇರೆಯವರು ಹೇಳುವಾಗ ತೊಂದರೆಗಳು ಬಿಟ್ಟುಹೋಗುತ್ತವೆ ಎಂಬುದು ನಮ್ಮ ಅನುಭವ. ಪತ್ರವನ್ನು ಬರೆದವರು ಯಾರು ಎಂದು ತಿಳಿಸಿ.

ಇನ್ನೊಂದು, ನಮ್ಮ ಕೈಪಿಡಿಯ ಪ್ರಕಾರ ಅಡ್ಡಿ ಎಂದರೆ ಕೆಲಸ ಪೂರ್ತಿ ನಿಂತಿರಬೇಕು ಎಂದೇನಿಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಇರುವ ತೊಂದರೆಯಿಂದ ಕೆಲಸದ ಬಗೆ ಅಥವಾ ಪ್ರಮಾಣ ಕಡಿಮೆಯಾಗಿದ್ದರೂ "ಹೌದು" ಎಂದೇ ಬರೆಯಬೇಕು. ಹೇಳಿಕೊಳ್ಳಲು ಅನೇಕರಿಗೆ ನಾಚಿಕೆ ಇರುತ್ತದೆ. ನಾಚಿಕೆಪಡುವ ಅಗತ್ಯವಿಲ್ಲ. ಪ್ರಮಾಣಪತ್ರ ಮಾಡಿಸಿದರೆ ಸರ್ಕಾರದ ಸೌಲಭ್ಯಗಳೂ ಇವೆ.

ಬೆಳಿಗ್ಗೆ ಎದ್ದಾಗಿನಿಂದ ಹನ್ನೊಂದರವರೆಗೆ ಏನೇನು ಮಾಡುತ್ತೀರಿ ಎಂದು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ವಿವೇಕಾನಂದ


ಕಮಲಾಪುರ
19 ಫೆಬ್ರವರಿ 2025

ಸಾಹೇಬ್ರ,

ಇಪ್ಪತ್ತು ದಿನ ಸುಮ್ನಿದ್ದೆ. ಸಿಟ್ಟು ಇಳೀಲಿ ಅಂತ.

ಬರದಾಕಿ ಒಬ್ಬಾಕಿನ ರೀ. ಸೊಟ್ಟ ಅಕ್ಷರ ಮುಂಜಾನಿ ಬರದದ್ದು, ದುಂಡ ಅಕ್ಷರ ಮಧ್ಯಾನ ಬರದದ್ದು. ನಾ ಕನ್ನಡ ಸಾಲ್ಯಾಗ ಏಳನೇತ್ತ ಓದೀನಿ, ಶುದ್ಧ ಬರಹಕ್ಕ ಬಹುಮಾನ ತಗೊಂಡಾಕಿ. ಇನ್ನೊಬ್ಬರ ಕೈಲಿ ಬರಸೋ ಹೊತ್ತು ನನಗ ಇನ್ನೂ ಬಂದಿಲ್ಲ.

ನಾಚಿಕಿ ಅಂದ್ರಿ. ನಾಚಿಕಿ ಅಲ್ಲ. ಅದು ಏನು ಅಂತ ಇವತ್ತ ಹೇಳಂಗಿಲ್ಲ. ಮುಂಜಾನಿ ಏನ್ ಮಾಡ್ತೀನಿ ಅಂತ ಕೇಳೀರಿ, ಅದನ್ನ ಬರೀತೀನಿ. ಎಂಟು ವರ್ಷ ಆಯ್ತು, ಇದನ್ನ ಯಾರೂ ಕೇಳಿರಲಿಲ್ಲ.

ಏಳೂದ್ರಾಗ ಎರಡೂ ಮುಷ್ಟಿ ಮುಚ್ಚಿರ್ತಾವ. ಡಾಕ್ಟರ್ ಸಂದಿವಾತ ಅಂತಾರ. ಗುಳಿಗಿ ಅವ, ಅವು ಅವುಗಳ ಪಾಡಿಗೆ ಇರ್ತಾವ. ಬಾಗಿಲ ಚಿಲಕ ಮೊಣಕೈಲೆ ತಗೀತೀನಿ. ಬಿಸಿನೀರಾಗ ಕೈ ಇಟಗೊಂಡು ಕುಂತು, ಅವತ್ತಿನ ಹೊಲಿಗಿ ತಲ್ಯಾಗ ಹೊಲೀತೀನಿ. ಯಾವ ಹುಡುಗಿ ಭುಜ ಇಳುವು, ಯಾವಾಕಿ ಹೋದ ವರ್ಷಕಿಂತ ಎತ್ತರ ಆಗ್ಯಾಳ, ಎಲ್ಲ. ಎಂಟಕ್ಕ ಬಾಜೂಮನಿ ಸೊಸಿ ಕೌಸರ್ ಬರ್ತಾಳ. ನಾ ಹಿಂದಿನ ದಿನ ಮಧ್ಯಾನ ಬಟ್ಟಿ ಮ್ಯಾಲ ಚಾಕ್‌ಪೀಸಿಲೆ ಗೆರಿ ಹೊಡದು ಇಟ್ಟಿರ್ತೀನಿ. ಆಕಿ ಗೆರಿ ಮ್ಯಾಲ ಕತ್ರಿ ಆಡಸ್ತಾಳ. ಮೊದಲ ಆಕಿಗೆ ಕತ್ರಿ ಹಿಡೀಲಿಕ್ಕ ಬರ್ತಿರಲಿಲ್ಲ, ಈಗ ನನಗಿಂತ ಸೀದಾ ಕತ್ತರಸ್ತಾಳ. ಹನ್ನೊಂದಕ್ಕ ಬೆರಳು ಒಂದೊಂದಾಗಿ ಬಿಚ್ಚತಾವ. ಆಮ್ಯಾಲ ಮಷೀನ. ಸೂಜಿ ಕೆಳಗ ಬಟ್ಟಿ ಒತ್ತಿ ಹಿಡಿಯೋ ಕಬ್ಬಿಣದ ಕಾಲು ಎತ್ತೂದಕ್ಕ ಬೆರಳು ಬೇಕಲ್ಲ? ಅದಕ್ಕ ಹಗ್ಗ ಕಟ್ಟಿ ಮೊಣಕಾಲಿಗೆ ಇಳಿಬಿಟ್ಟೀನಿ. ಮೊಣಕಾಲು ಒತ್ತಿದ್ರ ಅದು ಏಳತದ. ಬಡಗಿಗೆ ಹೇಳಿ ಕಟಗೀ ತುಂಡು ಮಾಡಿಸಿದ್ದೆ, ಅದು ಕೆಲಸಕ್ಕ ಬರಲಿಲ್ಲ. ಹಗ್ಗ ಬಂತು.

ಮುಂಜಾನಿ ರೊಟ್ಟಿ ನಮ್ಮ ಮನಿಯವರು ಬಡೀತಾರ. ಅವರು ಬಾಳಿಹಣ್ಣಿನ ಮಂಡ್ಯಾಗ ಕೆಂಪಬಾಳಿ ಹಣ್ಣಿಗೆ ಹಾಕೋ ಕೆಲಸ ಮಾಡ್ತಾರ. ರೊಟ್ಟಿ ಮಾತು ನಿಮ್ಮ ಕಾಗದದಾಗ ಬರೀಬ್ಯಾಡ್ರಿ, ಮಂಡಿ ಮಂದಿ ನಗ್ತಾರ.

ಈಗ ನಾ ಒಂದು ಕೇಳ್ತೀನಿ. ಇಷ್ಟ ಬರಿಯೋ ಬದಲಿ ಫೋನ್‌ನಾಗ ಹೇಳೋಣ ಅಂತ ಮೊನ್ನೆ ನಿಮ್ಮ ಆಫೀಸಿಗೆ ಹಚ್ಚಿದ್ದೆ. ಎತ್ತಿದವರು "ಸಾಹೇಬ್ರು ಫೋನ್ ಮುಟ್ಟಂಗಿಲ್ರೀ, ಕಾಗದ ಬರೀರಿ" ಅಂದ್ರು. ಯಾಕ್ರೀ?

ರೋಷನಬಿ


ಕಲಬುರಗಿ
24 ಫೆಬ್ರವರಿ 2025

ರೋಷನಬಿಯವರೇ,

ಎರಡು ಕೈಬರಹದ ಬಗ್ಗೆ ನಾನು ಬರೆದದ್ದಕ್ಕೆ ಕ್ಷಮೆ ಇರಲಿ. ಹತ್ತು ವರ್ಷದಿಂದ ನಮೂನೆ ಓದುತ್ತಿದ್ದೇನೆ. ಓದಲು ಬರುತ್ತದೆ ಅಂದುಕೊಂಡಿದ್ದೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಗ್ಗದ ಮಾತು ಓದಿ ಕುರ್ಚಿಯಲ್ಲಿ ಕುಳಿತಲ್ಲೇ ಮೊಣಕಾಲು ಒತ್ತಿ ನೋಡಿದೆ. ಮುಚ್ಚಿದ ಕೈಯವರು ಒಂದು ಹಾಸ್ಟೆಲ್‌ಗೆ ಬಟ್ಟೆ ಹೊಲಿಯುತ್ತಾರೆ, ಹೊಲಿಯುತ್ತಲೇ ಇನ್ನೊಬ್ಬರಿಗೆ ಕತ್ತರಿ ಕಲಿಸುತ್ತಾರೆ. ನಮ್ಮ ನಮೂನೆಯಲ್ಲಿ ಇದೆಲ್ಲ ಸೇರಿ ಒಂದೇ ಶಬ್ದ: "ಇಲ್ಲ." ನೀವು ಅಡ್ಡಿಯನ್ನು ಎಷ್ಟು ಚೆನ್ನಾಗಿ ದಾಟಿದ್ದೀರಿ ಎಂದರೆ, ನಮ್ಮ ಪ್ರಶ್ನೆಗೆ ಅದು ಕಾಣಿಸಲೇ ಇಲ್ಲ.

ಆಮೇಲೆ ಕಮಲಾಪುರದ ನಾನೂರ ಹನ್ನೆರಡು ನಮೂನೆಗಳನ್ನು ಮತ್ತೆ ತೆಗೆದೆ. "ಇಲ್ಲ" ಎಂದ ಇಪ್ಪತ್ತೊಂಬತ್ತು ಮನೆಗಳಲ್ಲಿ ಇಂಥದೇ ಏನೋ ಒಂದು ಮಾತು ಮೂಲೆಯಲ್ಲಿ ಸಿಕ್ಕಿತು. "ಮೆಟ್ಟಿಲಿಲ್ಲದ ಕಡೆ ಮಾತ್ರ ಕೂಲಿ." "ಗಿರಾಕಿ ಮಾತು ತಮ್ಮ ಕೇಳಿ ಹೇಳ್ತಾನ." "ಮನಸು ಸರಿ ಇದ್ದ ವಾರ ಅಂಗಡಿ." ಈ ಲೆಕ್ಕ ನೋಡಿಯೇ ಊರಲ್ಲಿ ಯಾರಿಗೆ ಏನು ಬೇಕು ಎಂದು ಮೇಲಿನವರು ತೀರ್ಮಾನಿಸುತ್ತಾರೆ. ಲೆಕ್ಕದಲ್ಲಿ ಇಲ್ಲದವರಿಗೆ ಏನೂ ಬೇಕಿಲ್ಲ ಎಂದಾಗುತ್ತದೆ.

ನಿಮ್ಮ "ಇಲ್ಲ"ವನ್ನು "ಹೌದು" ಮಾಡಲು ನಿಯಮ ನನಗೆ ಅವಕಾಶ ಕೊಡುತ್ತದೆ. ಆದರೂ ನಿಮ್ಮನ್ನು ಕೇಳದೆ ಮಾಡುವುದಿಲ್ಲ. ಮಾಡಲೇ?

ಫೋನಿನ ವಿಷಯ: ಕಚೇರಿಯಲ್ಲಿ ಗದ್ದಲ ಜಾಸ್ತಿ.

ವಿವೇಕಾನಂದ


ಕಮಲಾಪುರ
12 ಮಾರ್ಚ್ 2025

ವಿವೇಕಾನಂದ ಸಾಹೇಬ್ರ,

ಮಾಡಬ್ಯಾಡ್ರಿ. ಯಾಕ ಅಂತ ಈಗ ಹೇಳ್ತೀನಿ.

ನಾಕು ವರ್ಷದ ಹಿಂದ ನಾ ಕಲಬುರಗಿಗೆ ದಿನಾ ಬಸ್ಸಿಗೆ ಹೋಗಿ ಒಂದು ಹೊಲಿಗಿ ಕಾರಖಾನ್ಯಾಗ ಕೆಲಸ ಮಾಡ್ತಿದ್ದೆ. ಅಲ್ಲಿ ಮ್ಯಾನೇಜರ ಒಳ್ಳೆ ಮನುಷಾ, ಖರೇನ ಒಳ್ಳೆಯವ. ಅವನ ಮುಂದ ಬಾಯಿ ಬಿಟ್ಟೆ, "ಮುಂಜಾನಿ ಎರಡು ತಾಸು ಬಿಟ್ಟುಕೊಡ್ರಿ, ಸಂಜಿಗೆ ಎರಡು ತಾಸು ಹೆಚ್ಚಿಗಿ ಕುಂದರ್ತೀನಿ" ಅಂತ. ಅವ ನನ್ನ ಕೈ ನೋಡಿ ಕಣ್ಣಾಗ ನೀರು ತಂದ. "ಪಾಪ, ನೀವ್ಯಾಕ ಇಷ್ಟ ತಕ್ಲೀಫ್ ಮಾಡ್ಕೋತೀರಿ ಅಮ್ಮಾ" ಅಂದ. ಮರುದಿನ ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ "ಅಂಗವಿಕಲ" ಅಂತ ಬರದು, ಮನಿಗೆ ಕಳಸಿದ. ಜಗಳಾಡಿ ತಗದಿದ್ರ ನಾನೂ ಜಗಳಾಡ್ತಿದ್ದೆ. ಕನಿಕರ ಮಾಡಿ ತಗದವನ ಜೋಡಿ ಹ್ಯಾಂಗ ಜಗಳಾಡೂದು?

ಅದಕ್ಕ ಸಾಹೇಬ್ರ, ಆ ಶಬ್ದ ನನಗ ಗೊತ್ತದ. ಮೇ ತಿಂಗಳದಾಗ ಹಾಸ್ಟೆಲ್ ಆರ್ಡರ್ ಮತ್ತ ಬರೂದದ. ನಿಮ್ಮ ಕಾಗದ ಎಷ್ಟು ಮಂದಿ ಓದ್ತಾರ? ವಾರ್ಡನ್ ಬಂಡೆಮ್ಮ ಮೇಡಂ ಓದ್ತಾರೇನು?

ಇನ್ನೊಂದು. ಗದ್ದಲ ಅಂತ ಬರದೀರಿ. ನಮ್ಮ ಮನಿಯವರು ಮಂಡಿಗೆ ಬರೂ ಮೊದಲ ಕಲ್ಲು ಒಡಿಯೋ ಕ್ರಷರ್‌ನಾಗ ಇಪ್ಪತ್ತು ವರ್ಷ ದುಡದಾರ. ಫೋನ್ ಬಂದ್ರ ಅವರೂ ಹಿಂಗ ಅಂತಾರ, "ಗದ್ದಲ ಅದ, ಆಮ್ಯಾಲ ಮಾತಾಡೋಣ" ಅಂತ. ಮನ್ಯಾಗ ನಾವಿಬ್ಬರ ಇರ್ತೀವಿ. ಗದ್ದಲ ಎಲ್ಲಿಂದ ಬರ್ತದ್ರೀ? ನಿಮ್ಮ ಹುಡುಗಿ ಕೇಳಿದಾಗ ಅವರ ಬಗ್ಗೆನೂ ನಾನೇ "ಇಲ್ಲ" ಅಂದಿದ್ದೆ. ಅವರನ್ನ ಕೇಳಲೇ ಇಲ್ಲ. ಆ ತಪ್ಪು ನಂದು.

ನಿಮ್ಮದು ಯಾವ ಕಿವಿ?

ರೋಷನಬಿ


ಕಲಬುರಗಿ
20 ಮಾರ್ಚ್ 2025

ರೋಷನಬಿ ಅಕ್ಕಾರಿಗೆ,

ಎಡಗಿವಿ. ಹನ್ನೊಂದು ವರ್ಷದ ಹಿಂದೆ ಜ್ವರ ಬಂದು ಹೋಯಿತು, ಹೋಗುವಾಗ ಅದನ್ನೂ ತೆಗೆದುಕೊಂಡು ಹೋಯಿತು. ಬಲಗಿವಿ ಇದೆ, ಆದರೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಮಂದವಾಗುತ್ತಿದೆ.

ಮನೆಯವರಿಗೆ ಬಿಟ್ಟರೆ ಯಾರಿಗೂ ಇದನ್ನು ಹೇಳಿಲ್ಲ. ಮೊದಲು ನಾನೂ ಮಲ್ಲಿಕಾ ಥರ ಊರೂರು ತಿರುಗುತ್ತಿದ್ದೆ. ಮಹಾಗಾಂವ, ತಾಜಸುಲ್ತಾನಪುರ ಎಲ್ಲ ನಾನೇ ಬರೆದ ಊರುಗಳು. ಜನ ಮೆಲ್ಲಗೆ ಹೇಳುವ ಮಾತು ಕೇಳದಾದಾಗ, ನನಗೆ ಟೇಬಲ್ ಕೆಲಸ ಇಷ್ಟ ಎಂದು ಅರ್ಜಿ ಕೊಟ್ಟೆ. ಸಭೆಯಲ್ಲಿ ಗೋಡೆಯ ಪಕ್ಕ, ಎಡಕ್ಕೆ ಯಾರೂ ಇಲ್ಲದ ಕುರ್ಚಿ ನೋಡಿ ಕೂಡುತ್ತೇನೆ. ಸಮೀಕ್ಷೆ ಶುರುವಾಗುವ ಮೊದಲು ನಾವು ಸಿಬ್ಬಂದಿಯೆಲ್ಲ ಅಭ್ಯಾಸಕ್ಕಾಗಿ ನಮ್ಮ ನಮ್ಮ ನಮೂನೆ ತುಂಬಿದ್ದೆವು. ಹದಿನಾಲ್ಕನೆಯ ಪ್ರಶ್ನೆಗೆ ನಾನು "ಇಲ್ಲ" ಎಂದು ಬರೆದೆ. ಪೆನ್ನು ಒಂದು ಗಳಿಗೆಯೂ ನಿಲ್ಲಲಿಲ್ಲ. ಅಂಥವನು ನಿಮಗೆ ನಾಚಿಕೆ ಬೇಡ ಎಂದು ಬುದ್ಧಿ ಹೇಳಿದೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೆಸರಿರುವ ಹಾಳೆಯನ್ನು ನೋಡಿದವರು ಮಲ್ಲಿಕಾ ಮತ್ತು ನಾನು, ಇಬ್ಬರೇ. ಮೇಲೆ ಹೋಗುವಾಗ ಹೆಸರು, ಮನೆ ವಿಳಾಸ ಕತ್ತರಿಸಿ ಬರೀ ಸಂಖ್ಯೆ ಹೋಗುತ್ತದೆ. ವಾರ್ಡನ್ ಓದುವುದಿಲ್ಲ. ಹಾಗಿದ್ದರೂ ನೀವು ಬೇಡ ಎಂದರೆ ಬೇಡ, "ಇಲ್ಲ" ಎಂದೇ ಇರಲಿ.

ಒಂದು ಬೇಡಿಕೆ ಇದೆ. ಏಪ್ರಿಲ್ 9ಕ್ಕೆ ಹೊಸ ಸುತ್ತಿನ ಸಮೀಕ್ಷಕರಿಗೆ ಇಲ್ಲಿ ತರಬೇತಿ. ಆ ಇಪ್ಪತ್ತೊಂಬತ್ತು ಮನೆಗಳ ಮಾತನ್ನು ನಮ್ಮ ಮುಖ್ಯಸ್ಥರಾದ ನೀಲಕಂಠ ಸರ್ ಮುಂದೆ ಇಟ್ಟೆ. ಅವರು, "ಪ್ರಶ್ನೆ ಬದಲಿಸುವುದು ಆಮೇಲೆ ನೋಡೋಣ, ಮೊದಲು ಉತ್ತರ ಕೊಟ್ಟವರೊಬ್ಬರು ಬಂದು ಮಾತಾಡಲಿ, ಅರ್ಧ ತಾಸು" ಎಂದಿದ್ದಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಇಡಿಸಿದ್ದೇನೆ. ಬರುತ್ತೀರಾ?

ವಿವೇಕಾನಂದ


ಕಮಲಾಪುರ
29 ಮಾರ್ಚ್ 2025

ವಿವೇಕಾನಂದ ಅಣ್ಣಾರಿಗೆ,

ಬರ್ತೀನಿ. ಶಾಲು ಹೊದಿಸಬಾರದು. ಫೋಟೋ ತಗೀಬಾರದು. ಮಂದಿ ಮುಂದ ಯಾರೂ ನನ್ನ ಕೈ ಹಿಡದು ನೋಡಬಾರದು. ಮೆಟ್ಟಿಲು ಎಷ್ಟ ಇದ್ರೂ ಹತ್ತತೀನಿ, ಕಾಲಿಗೇನೂ ಆಗಿಲ್ಲ.

ಕಿವಿ ಮಾತು ಬರದಿದ್ದಕ್ಕ ಖುಷಿ ಆಯ್ತು. ಸಣ್ಣ ಮಾತಲ್ಲ ಅದು.

ರೋಷನಬಿ


ಕಲಬುರಗಿ
11 ಏಪ್ರಿಲ್ 2025

ಪ್ರೀತಿಯ ಅಕ್ಕಾ,

ನೀವು ಬಸ್ಸಿನ ಹೊತ್ತಾಯ್ತು ಅಂತ ಎದ್ದು ಹೋದಿರಿ. ಆಮೇಲೆ ನಡೆದದ್ದು ನಿಮಗೆ ಗೊತ್ತಾಗಬೇಕು.

ಹೊಸ ಸಮೀಕ್ಷಕರಲ್ಲಿ ಒಬ್ಬ ಹುಡುಗ ಎದ್ದು "ಹಂಗಾರ ನಾವು ಏನ್ ಕೇಳ್ಬೇಕ್ರೀ ಅಮ್ಮಾ?" ಅಂದಾಗ ನೀವು ಅಂದಿರಲ್ಲ, "ಅಡ್ಡಿ ಅದನೋ ಇಲ್ಲೋ ಅಂತ ಕೇಳಬ್ಯಾಡ್ರಪ್ಪಾ. ಹ್ಯಾಂಗ ಮಾಡ್ತೀರಿ ಅಂತ ಕೇಳ್ರಿ. ಹ್ಯಾಂಗ ಅಂತ ಕೇಳಿದ್ರ ಯಾರೂ ಸುಳ್ಳು ಹೇಳಂಗಿಲ್ಲ, ತಮ್ಮ ಹುಷಾರಿ ಹೇಳ್ಕೊಳಾಕ ಎಲ್ಲರಿಗೂ ಇಷ್ಟ." ಆ ಮಾತನ್ನು ನೀಲಕಂಠ ಸರ್ ಹಾಳೆಯ ಮೇಲೆ ಬರೆದುಕೊಂಡರು. ನೀವು ಹೋದ ಮೇಲೆ ಅವರು ಕಪಾಟಿನಿಂದ ನಮ್ಮ ಸಿಬ್ಬಂದಿಯ ಅಭ್ಯಾಸದ ನಮೂನೆಗಳನ್ನು ತರಿಸಿದರು. ಇಪ್ಪತ್ತಮೂರು ಮಂದಿಯ ಮನೆಗಳಲ್ಲಿ "ಹೌದು" ಇದ್ದದ್ದು ಒಂದೇ. "ಆ ಅಮ್ಮ ಹೇಳಿದ ರೀತಿ ನಿಮ್ಮನ್ನ ನೀವೇ ಮತ್ತೆ ಕೇಳಿಕೊಳ್ಳಿ. ಹೇಳಬೇಕು ಅನ್ನಿಸಿದವರು ಮಾತ್ರ ತಿದ್ದಿ" ಅಂದರು.

ನಾನು ಎದ್ದು ನಿಂತೆ. "ನನ್ನ ಎಡಗಿವಿ ಕೇಳಂಗಿಲ್ಲ. ಹನ್ನೊಂದು ವರ್ಷ ಆಯ್ತು. ನಿಮ್ಮ ತುಟಿ ನೋಡಿ ಕೆಲಸ ಮಾಡೀನಿ" ಅಂದೆ. ಅಷ್ಟೇ ಅಂದದ್ದು. ಬಯ್ಯುತ್ತಾರೆ, ಇಲ್ಲವೇ ಕನಿಕರ ಮಾಡುತ್ತಾರೆ ಅಂದುಕೊಂಡಿದ್ದೆ, ನಿಮ್ಮ ಮ್ಯಾನೇಜರ್ ಥರ. ಅವತ್ತು ಬೇರೆ ಜಾಗವಿಲ್ಲದೆ ನನ್ನ ಎಡಕ್ಕೆ ಕೂತಿದ್ದ ಮಲ್ಲಿಕಾ ತನ್ನ ಕುರ್ಚಿ ಎತ್ತಿಕೊಂಡು ಬಂದು ಬಲಕ್ಕೆ ಹಾಕಿ ಕುಂತಳು. ಸಂಜೆಗೆ ನೋಡಿದರೆ ತಿದ್ದಿದ ನಮೂನೆಗಳು ಏಳು. ಯಾರ್ಯಾರವು ಅಂತ ಬರೆಯುವುದಿಲ್ಲ. ಅದು ಅವರವರ ಮಾತು.

ಹೊಸ ಪ್ರಶ್ನೆ ಒಪ್ಪಿಗೆಯಾಗಿದೆ: "ಯಾವುದಾದರೂ ತೊಂದರೆಯಿಂದಾಗಿ ಕೆಲಸದ ಹೊತ್ತು, ಬಗೆ ಅಥವಾ ಮಾಡುವ ರೀತಿಯನ್ನು ಬದಲಿಸಿಕೊಂಡಿದ್ದೀರಾ? ಹೇಗೆ?" ಮನೆಯಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಬೇಕು ಎಂದೂ ಸೇರಿಸಿದ್ದಾರೆ. ಒಂದು ಮಾತ್ರ ಆಗಲಿಲ್ಲ. ರೊಟ್ಟಿ, ನೀರು, ಕಸ ಇವನ್ನು "ಕೆಲಸ" ಅಂತ ಹಿಡಿಯಲು ಅವರು ಒಪ್ಪಲಿಲ್ಲ. ಎರಡು ತಾಸು ವಾದ ಮಾಡಿ ಸೋತೆ.

ಹಳೆಯ ಸುತ್ತಿನ ನಮೂನೆಗಳು ಏಪ್ರಿಲ್ 30ಕ್ಕೆ ಮುಚ್ಚುತ್ತವೆ. ನಿಮ್ಮದು ನನ್ನ ಟೇಬಲ್ ಮೇಲಿದೆ. ಒತ್ತಾಯವಿಲ್ಲ.

ನಿಮ್ಮ ತಮ್ಮ
ವಿವೇಕಾನಂದ


ಕಮಲಾಪುರ
26 ಏಪ್ರಿಲ್ 2025

ವಿವೇಕಾನಂದ,

ಅಣ್ಣಾ ಅಂತ ಬರೀತಿದ್ದೆ, ನೀ ತಮ್ಮ ಅಂತ ಸಹಿ ಹಾಕಿದಿ. ಇನ್ನ ತಮ್ಮನ.

ನೀ ಇಪ್ಪತ್ತಮೂರು ಮಂದಿ ಮುಂದ ಎದ್ದು ನಿಂತಿ. ಅದನ್ನ ಓದಿ ನನಗ ಮನ್ಯಾಗ ಕುಂದರಲಿಕ್ಕ ಆಗಲಿಲ್ಲ. ನಿನ್ನ ಕಾಗದಕ್ಕ ಹೌದು ಅನ್ನೂಕಿಂತ ಮೊದಲ ಒಬ್ಬರಿಗೆ ಹೇಳೂದಿತ್ತು. ಹಾಸ್ಟೆಲ್‌ಗೆ ಹೋದೆ. ಬಂಡೆಮ್ಮ ಮೇಡಂಗೆ ಕೈ ತೋರಿಸಿದೆ. "ಮುಂಜಾನಿ ಇವು ಕೆಲಸ ಮಾಡಂಗಿಲ್ರೀ. ಹೋದ ವರ್ಷನೂ ಮಾಡಿಲ್ಲ, ಅದರ ಹಿಂದಿನ ವರ್ಷನೂ ಮಾಡಿಲ್ಲ. ಅಂಗಿ ಮಾತ್ರ ಹೇಳಿದ ದಿನಕ್ಕ ಕೊಟ್ಟೀನಿ" ಅಂದೆ.

ಮರುದಿನ ಮುಂಜಾನಿ ಎಂಟಕ್ಕ, ಹೇಳದ ಕೇಳದ, ಮೇಡಂ ನಮ್ಮ ಮನಿಗೆ ಬಂದು ಕುಂತಳು. ನಾ ಬಿಸಿನೀರಾಗ ಕೈ ಇಟಗೊಂಡಿದ್ದೆ. ನಮ್ಮ ಮನಿಯವರು ರೊಟ್ಟಿ ಬಡಿಯಾಕತ್ತಿದ್ರು, ಓಡಿಹೋಗಲಿಕ್ಕ ಹಾದಿ ಇರಲಿಲ್ಲ ಅವರಿಗೆ. ಕೌಸರ್ ಕತ್ರಿ ಹಿಡದಿದ್ದಳು, ಗೆರಿ ಬಿಡಲಿಲ್ಲ. ಮೇಡಂ ಎದ್ದು ಗೆರಿ ಮ್ಯಾಲ ಬೆರಳು ಆಡಿಸಿ ನೋಡಿದಳು. ಬಿಸಿ ರೊಟ್ಟಿ ತಿಂದಳು. ಮಷೀನ ಸುರು ಆಗೂತನ ಕುಂತು, ಹಗ್ಗ ನೋಡಿ, "ಇದನ್ನ ಯಾರ್ ಹೇಳಿಕೊಟ್ರು?" ಅಂದಳು. "ಯಾರಿಲ್ರೀ, ಕೈ ಹೇಳಿಕೊಟ್ಟಾವ" ಅಂದೆ.

ಅಂಗಿ ಎಲ್ಲಾ ನನಗ ಬಂದಾವ. ದಪ್ಪ ಬಟ್ಟೀದು, ಸ್ವೆಟರ್ ಬದಲಿ ಕೊಡೋ ಕೋಟು, ಬ್ಯಾರೇದವರಿಗೆ ಹೋಯ್ತು. ಆ ದಿನ ಸಿಟ್ಟು ಬಂತು. ಆಮ್ಯಾಲ ವಿಚಾರ ಮಾಡಿದೆ. ದಪ್ಪ ಬಟ್ಟಿ ಹೊಲದ ರಾತ್ರಿ ನಾ ಏನ್ ಅನುಭವಸ್ತಿದ್ದೆ ಅನ್ನೂದು ನನಗ ಗೊತ್ತು. ಆಕಿ ಕನಿಕರ ಮಾಡಿ ಕಸಗೊಂಡಿಲ್ಲ, ಕೂತು ನೋಡಿ ಬಿಡಿಸ್ಯಾಳ. ಎರಡೂ ಒಂದಲ್ಲ. ಆದ್ರೂ ಬ್ಯಾಸರ ಅದ, ಇಲ್ಲ ಅಂದ್ರ ಸುಳ್ಳಾಗ್ತದ.

ರೊಟ್ಟಿ ಕೆಲಸ ಅಲ್ಲ ಅಂದವರನ್ನ ಒಂದು ದಿನ ನಮ್ಮ ಮನಿಗೆ ಕಳಸು. ನಮ್ಮ ಮನಿಯವರು ಉತ್ತರ ಕೊಡ್ತಾರ. ಅವರನ್ನ ನಾ ಕುಂದ್ರಿಸಿ, ಬಲಕ್ಕ, ಅವರಿಗೆ ಕೇಳೋ ಕಡೆ ಕೂತು, ನಿಧಾನ ಕೇಳಿದೆ, ಕಿವಿ ಮಾತು. ಅವರು "ಹೌದು ಅಂತ ಬರಸು" ಅಂದ್ರು.

ನಂದೂ ಹೌದು ಅಂತ ಬರಿ. ಹದಿನಾಲ್ಕಕ್ಕ ಹೌದು.

ಮತ್ತ, ಬರಿಯೋ ಮುಂದ ಇನ್ನೊಂದು ಸಾಲು ತಿದ್ದಬೇಕು. ತರಬೇತಿಗೆ ಬಂದಾಗ ನೀ ನನ್ನ ನಮೂನೆ ನನಗೊಬ್ಬಾಕಿಗೆ ತೋರಿಸಿದಿ, ಆಗ ಓದೀನಿ. ಉದ್ಯೋಗ ಅನ್ನೋ ಕಡೆ ಮಲ್ಲಿಕಾ "ಗೃಹಿಣಿ, ಬಿಡುವಿನಲ್ಲಿ ಹೊಲಿಗೆ" ಅಂತ ಬರದಾಳ. ಅದನ್ನ ಹೊಡದು ಹಾಕು. ಟೇಲರ್ ಅಂತ ಬರಿ.

ರೋಷನಬಿ